ಕಿಟಕಿ ಕಡೆಯ ಕೆನ್ನೆ

"ಈ ಫೋಟೋದಲ್ಲಿರೋದು ಯಾರು?"

ಅವಳು ಕವರನ್ನು ಕೌಂಟರಿನ ಗಾಜಿನ ಮೇಲೆ ಬಡಿದ ಹಾಗೆ ಇಟ್ಟಳು. ಕಂಪ್ಯೂಟರಿನ ಮುಂದೆ ಕೂತಿದ್ದವನು ಬೆಚ್ಚಿ ತಲೆ ಎತ್ತಿದ.

"ನೀವೇ ಅಲ್ವಾ ಮೇಡಂ?"

"ಸರಿಯಾಗಿ ನೋಡಿ ಹೇಳಿ."

ಅವನು ಫೋಟೋ ನೋಡಿದ. ಆಮೇಲೆ ಅವಳ ಮುಖ ನೋಡಿದ. ಎಡಗೆನ್ನೆಯ ಮೇಲೆ, ಕಣ್ಣಿನ ಕೆಳಗಿನಿಂದ ದವಡೆಯವರೆಗೆ, ಚಹಾ ಚೆಲ್ಲಿ ಒಣಗಿದಂಥ ಕಂದು ಕಲೆ ಹರಡಿತ್ತು. ಬಲಗೆನ್ನೆಯ ಮೇಲೂ ಅದರದೇ ತುಣುಕೊಂದು. ಫೋಟೋದಲ್ಲಿ ಎರಡರ ಸುಳಿವೂ ಇರಲಿಲ್ಲ.

"ಕಲೆ ತೆಗೆದಿದ್ದೀನಿ. ಎಲ್ಲರಿಗೂ ತೆಗೀತೀನಿ."

"ನಾನು ಕೇಳಿದ್ನಾ?"

"ಇಲ್ಲ."

"ಮತ್ತೆ?"

"ತೆಗೀದೇ ಇದ್ರೆ ವಾಪಸ್ ಬಂದು ಬೈತಾರೆ ಮೇಡಂ. ತೆಗೆದಿದ್ದಕ್ಕೆ ಬೈಸಿಕೊಳ್ತಿರೋದು ಇವತ್ತೇ ಮೊದಲು."

ಮೂಲೆಯ ಕುರ್ಚಿಯಲ್ಲಿ ಪಾಸ್‌ಪೋರ್ಟ್ ಫೋಟೋಗೆ ಕಾಯುತ್ತಿದ್ದ ಹೆಂಗಸು ಕಿಸಕ್ಕನೆ ನಕ್ಕಳು. ಕವರು ತಂದವಳ ಕಿವಿ ಬಿಸಿಯಾಯಿತು.

"ನಾನು ಹೇಗಿದ್ದೀನೋ ಹಾಗೇ ಇನ್ನೊಂದು ತೆಗೆದು ಕೊಡಿ."

ಅವನು ಇನ್ನೊಂದು ಪ್ರಿಂಟ್ ತೆಗೆದು ಕೊಟ್ಟ. ಕೊಡುವಾಗ ಮೆಲ್ಲಗೆ, "ತಪ್ಪಾಯ್ತು" ಅಂದ. ಆ ದನಿಯಲ್ಲಿ ವ್ಯಾಪಾರದ ನಯ ಇರಲಿಲ್ಲ. ನಿಜವಾಗಿಯೂ ನೊಂದುಕೊಂಡವನ ಹಾಗೆ ಹೇಳಿದ್ದ.

ಅವಳು ಎರಡನ್ನೂ ತೆಗೆದುಕೊಂಡು ಹೊರಟಳು. ಹಿಂದಿರುಗಿಸಬೇಕೆಂದಿದ್ದ ಮೊದಲನೆಯದನ್ನು ಬ್ಯಾಗಿನೊಳಗೆ ಯಾಕೆ ಹಾಕಿಕೊಂಡಳೋ ಅವಳಿಗೇ ತಿಳಿಯಲಿಲ್ಲ. ದಾರಿಯಲ್ಲಿ ಅದನ್ನೇ ತೆಗೆದು ನೋಡಿದಳು. ಎಷ್ಟೋ ವರ್ಷಗಳ ಹಿಂದಿನ ತನ್ನದೇ ಮುಖ... ಕಾರು ಕಲಿಸುವ ಕೆಲಸಕ್ಕೆ ಸೇರುವ ಮುಂಚಿನ ಮುಖ.

ಸ್ಟುಡಿಯೋದ ಪಕ್ಕದ ಮಳಿಗೆಯಲ್ಲೇ ಅವಳು ಕೆಲಸ ಮಾಡುವ ಡ್ರೈವಿಂಗ್ ಶಾಲೆ. ಕಲಿಯುವವರು ಸ್ಟೇರಿಂಗ್ ಹಿಡಿದರೆ ಅವಳು ಎಡಗಡೆ ಸೀಟಿನಲ್ಲಿ. ಕಾಲಡಿಗೆ ಇನ್ನೊಂದು ಬ್ರೇಕು. ಎಂಥ ಅನಾಹುತ ಎದುರು ಬಂದರೂ ದನಿ ಏರಿಸದೆ "ಬ್ರೇಕ್" ಅನ್ನುತ್ತಿದ್ದಳು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು 'ಬ್ರೇಕ್ ಮೇಡಂ'. ಬೆಳಗಿನಿಂದ ಸಂಜೆವರೆಗೆ ಕಿಟಕಿಯ ಬಿಸಿಲು ಅವಳ ಎಡಗೆನ್ನೆಯ ಮೇಲೆ ಬೀಳುತ್ತಿತ್ತು. ಮೊದಲು ಒಂದು ಚುಕ್ಕೆ, ಆಮೇಲೆ ಅಂಗೈಯಗಲ. ತಂದೆ ತಾಯಿ ಹೋದ ಮೇಲೆ ಸಾಕಿದ ಅಣ್ಣನೂ ಅತ್ತಿಗೆಯೂ ಮದುವೆಯ ಮಾತು ಎತ್ತಿದಾಗಲೆಲ್ಲ ಆ ಕೆನ್ನೆಯ ಮಾತೂ ಬರುತ್ತಿತ್ತು.

ಈ ಫೋಟೋ ತೆಗೆಸಿದ್ದೂ ಹೊಸದಾಗಿ ಬಂದ ಒಂದು ಸಂಬಂಧಕ್ಕೇ. ಅತ್ತಿಗೆ ಎರಡು ಫೋಟೋಗಳನ್ನೂ ನೋಡಿದಳು. ಒಂದು ಕ್ಷಣವೂ ಯೋಚಿಸದೆ ಕಲೆಯಿಲ್ಲದ್ದನ್ನು ಗಂಡಿನ ಮನೆಯವರಿಗೆ ಕಳಿಸಿಬಿಟ್ಟಳು.

"ಅತ್ತಿಗೆ, ಅದು ನಾನಲ್ಲ."

"ನೀನೇ. ಸ್ವಲ್ಪ ತೊಳೆದಿರೋ ನೀನು" ಎಂದಳು ಅತ್ತಿಗೆ.

---

ಕೆಲವು ದಿನ ಕಳೆದು ಸ್ಟುಡಿಯೋದವನು ಡ್ರೈವಿಂಗ್ ಶಾಲೆಯ ಬಾಗಿಲಲ್ಲಿ ನಿಂತಿದ್ದ. ಸ್ಟುಡಿಯೋ ಅವನ ಸೋದರಮಾವನದು. ಸಮಾರಂಭಗಳಿಗೆ ಕ್ಯಾಮೆರಾ, ದೀಪ ಎಲ್ಲ ಹೊತ್ತೊಯ್ಯಲು ಮಾವನ ಹಳೇ ಕಾರು ಓಡಿಸಬೇಕು, ಕಲಿಸಿ ಅಂದ.

"ಕಲಿಸೋದು ನಾನೇ. ಪರವಾಗಿಲ್ವಾ?" ಅಂದಳು.

"ಬೈಗುಳ ಅಭ್ಯಾಸ ಆಗಿದೆ ಮೇಡಂ."

ಅಷ್ಟು ಕೆಟ್ಟದಾಗಿ ಕಾರು ಓಡಿಸುವವನನ್ನು ಅವಳು ಕಂಡಿರಲಿಲ್ಲ.

"ಸ್ಟೇರಿಂಗ್‌ನ ಕತ್ತು ಹಿಸುಕೋ ಹಾಗೆ ಹಿಡೀಬೇಡಿ. ಅದೇನು ಎದ್ದು ಓಡಿ ಹೋಗಲ್ಲ."

"ಅದು ಓಡಲ್ಲ, ಕಾರು ಓಡುತ್ತಲ್ಲ ಮೇಡಂ."

"ಬ್ರೇಕ್."

ನಿಂತ ಕಾರಿನೊಳಗೆ ಇಬ್ಬರೂ ನಕ್ಕರು. ಅಂದಿನಿಂದ ಅವನ ಜೊತೆಗಿನ ಬೆಳಗಿನ ಮೊದಲ ಪಾಠ ಅವಳಿಗೆ ಪಾಠವಾಗಿ ಉಳಿಯಲಿಲ್ಲ. ಎದ್ದ ತಕ್ಷಣ ನೆನಪಾಗುವ ಹೊತ್ತಾಯಿತು. ಅವನು ಮಾತುಗಾರನಲ್ಲ. ಆದರೆ ಕೇಳಿಸಿಕೊಳ್ಳುತ್ತಿದ್ದ. ಅವಳು ಹಿಂದಿನ ದಿನ ಹೇಳಿ ಮರೆತದ್ದನ್ನು ಮಾರನೆಯ ದಿನ ಅವನು ನೆನಪಿಟ್ಟಿರುತ್ತಿದ್ದ. ಅವಳಿಗೆ ಕೆಮ್ಮು ಇದ್ದ ದಿನ ಕೇಳದೆಯೇ ಗಾಜು ಏರಿಸಿದ್ದ.

ಗೇರು ಕೈಗೆ ಹತ್ತಿತು. ತಿರುವು ಹತ್ತಿತು. ಆದರೂ ಅವನು ಪರೀಕ್ಷೆಗೆ ಹೆಸರು ಕೊಡಲಿಲ್ಲ.

"ನೀವು ಲೈಸೆನ್ಸ್ ತಗೋಬಹುದು. ಯಾಕೆ ತಡ ಮಾಡ್ತಿದ್ದೀರ?"

ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಲೈಸೆನ್ಸ್ ಬಂದ್ರೆ ಪಾಠ ನಿಂತುಹೋಗುತ್ತಲ್ಲ."

ಅವಳು ಉಳಿದ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಕೂತಳು. ಎದೆ ಬಡಿತ ಅವನಿಗೆ ಕೇಳಿಸಿಬಿಟ್ಟೀತೇನೋ ಎಂಬ ಭಯ.

ಆದರೆ ಆ ಖುಷಿಯ ಬೆನ್ನಿಗೇ ಇನ್ನೊಂದು ಯೋಚನೆ ಬಂದು ಕೂತಿತು. ದಿನವಿಡೀ ಮುಖಗಳ ಮೇಲಿನ ಕಲೆ ಹುಡುಕಿ ಅಳಿಸುವ ಕಣ್ಣು ಅದು. ನನ್ನ ಮುಖದ ಮೇಲೆ ಬಿದ್ದಾಗ ಮಾತ್ರ ಸುಮ್ಮನಿರುತ್ತಾ? ಮೊದಲ ಸಲ ನನ್ನ ಮುಖ ಕಂಡಾಗ ಇವನು ಮಾಡಿದ ಕೆಲಸವೇ ಅದನ್ನು ಒರೆಸಿದ್ದು...

ಅವನು ಕೆನ್ನೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆ ಮೌನವನ್ನೇ ಅವಳು ದಯೆ ಅಂದುಕೊಂಡಳು. ದಯೆ ಅವಳಿಗೆ ಬೇಕಿರಲಿಲ್ಲ.

---

ಗಂಡಿನ ಕಡೆಯವರು ಫೋಟೋ ಒಪ್ಪಿದರು. ಮುಂದಿನ ತಿಂಗಳು ನೋಡಲು ಬರುತ್ತೇವೆ ಎಂದರು. ಅಣ್ಣನ ಮುಖ ಅರಳಿತು, ಅತ್ತಿಗೆಯದು ಬಾಡಿತು.

"ಈಗೇನು ಮಾಡೋದು? ಅವರು ಒಪ್ಪಿರೋದು ತೊಳೆದ ಮುಖನ" ಎಂದು ಅತ್ತಿಗೆ ಅವಳ ಪಕ್ಕ ಬಂದು ಕೂತಳು. "ಲೇಸರ್ ಮಾಡಿಸಿದ್ರೆ ಕಲೆ ತಿಳಿಯಾಗುತ್ತಂತೆ. ಮಾಡಿಸೋಣ ಕಣೇ."

ಬೇಡ ಅನ್ನುತ್ತಾಳೆಂದು ಅತ್ತಿಗೆ ವಾದಕ್ಕೆ ಸಿದ್ಧಳಾಗಿದ್ದಳು. ಅವಳು ಒಂದೇ ಮಾತಿಗೆ "ಆಯ್ತು" ಅಂದಳು. ಅದು ಆ ಗಂಡಿಗೋಸ್ಕರ ಅಲ್ಲ ಎಂದು ಮಾತ್ರ ಹೇಳಲಿಲ್ಲ.

ಕ್ಲಿನಿಕ್ಕಿನಲ್ಲಿ ಕಣ್ಣಿಗೆ ಗಟ್ಟಿ ಕನ್ನಡಕ ಹಾಕಿ ಮಲಗಿಸಿದರು. ರಬ್ಬರ್ ಬ್ಯಾಂಡನ್ನು ಎಳೆದು ಎಳೆದು ಕೆನ್ನೆಗೆ ಬಿಟ್ಟ ಹಾಗೆ ಚಟ್ ಚಟ್ ಎಂದು ಚುಚ್ಚುತ್ತಿತ್ತು. ಕೂದಲು ಸೀದ ವಾಸನೆ. ಅವಳು ಮುಷ್ಟಿ ಬಿಗಿಹಿಡಿದು, ಇದೊಂದು ಮುಗಿದರೆ ಅವನ ಕಡೆ ಪೂರ್ತಿ ತಿರುಗಿ ಮಾತಾಡಬಹುದು ಎಂದುಕೊಂಡಳು.

"ಈಗ ನಾನು ಹೇಳೋದನ್ನ ಗಮನ ಇಟ್ಟು ಕೇಳಿ" ಎಂದರು ಡಾಕ್ಟರಮ್ಮ. "ಮಷೀನಿನ ಕೆಲಸ ಮುಗೀತು, ನಿಮ್ಮ ಕೆಲಸ ಈಗ ಶುರು. ಕೆಲವು ದಿನ ಉರಿ ಇರುತ್ತೆ. ಆಮೇಲೆ ಕಲೆ ಇನ್ನೂ ಕಪ್ಪಾಗಿ, ಪುಡಿಪುಡಿ ಹಕ್ಕಳೆ ಕಟ್ಟುತ್ತೆ. ಹೆದರಬೇಡಿ, ಕೀಳಬೇಡಿ. ಅದಾಗಿ ಅದೇ ಉದುರಬೇಕು. ತಣ್ಣೀರಲ್ಲಿ ತೊಳೆದು ಬಟ್ಟೆಯಲ್ಲಿ ಒತ್ತಿ ಒರೆಸಿ, ಉಜ್ಜಬೇಡಿ. ಈ ಮುಲಾಮು, ಮೇಲೆ ಸನ್‌ಸ್ಕ್ರೀನ್. ನಿಂಬೆ, ಅರಿಶಿನ, ಪಕ್ಕದ ಮನೆಯವರು ಹೇಳಿದ್ದು, ಯಾವುದೂ ಬೇಡ. ಬಿಸಿಲಿಗಂತೂ ಹೋಗಲೇಬೇಡಿ. ಒಲೆಯ ಝಳವೂ ಬೇಡ."

"ಊಟ?" ಎಂದು ಕೇಳಿದ್ದು ಅತ್ತಿಗೆ.

"ಹಣ್ಣು, ಸೊಪ್ಪು, ತರಕಾರಿ, ಮೊಟ್ಟೆ, ಬೇಳೆ. ಗಾಯ ಮಾಯೋಕೆ ಇವೆಲ್ಲ ಬೇಕು. ನೀರು ಚೆನ್ನಾಗಿ ಕುಡೀಲಿ. ಕರಿದಿದ್ದು, ಉಪ್ಪು ಜಾಸ್ತಿ ಇರೋದು ಕಡಿಮೆ ಮಾಡಿ. ಮುಖ್ಯವಾಗಿ ಹೊಟ್ಟೆ ಖಾಲಿ ಬಿಡಬಾರದು, ನಿದ್ದೆ ಕೆಡಬಾರದು."

ಅತ್ತಿಗೆ ಅದನ್ನು ಆಜ್ಞೆಯ ಹಾಗೆ ಪಾಲಿಸಿದಳು. ಬಾಣಲೆ ಅಟ್ಟ ಸೇರಿತು. ಬೆಳಗ್ಗೆ ಕಿತ್ತಳೆ, ಮಧ್ಯಾಹ್ನ ಬೇಯಿಸಿದ ಕ್ಯಾರೆಟ್ಟು, ಸಂಜೆ ಪಪ್ಪಾಯಿ. ಮೂರು ಹೊತ್ತೂ ಸೊಪ್ಪು ಕಂಡ ಅಣ್ಣ ತಟ್ಟೆ ನೋಡಿ ನಿಟ್ಟುಸಿರಿಟ್ಟ.

"ಲೇಸರ್ ಮಾಡಿಸಿದ್ದು ಇವಳಿಗಾ, ನನಗಾ?"

"ನಿಮಗೂ ಮುಖ ಇದೆಯಲ್ಲ, ತಿನ್ನಿ" ಎಂದಳು ಅತ್ತಿಗೆ.

ಪರದೆ ಎಳೆದ ಕೋಣೆಯಲ್ಲಿ ಕನ್ನಡಿ ಮುಂದೆ ಕೂತು ಅವಳು ಕಾಯುತ್ತಿದ್ದಳು. ಕೆನ್ನೆಯ ತುಂಬ ಕಾಫಿಪುಡಿ ಉದುರಿಸಿದಂಥ ಹಕ್ಕಳೆ. ಒಂದು ಬದಿಯಲ್ಲಿ ಒಂದೆರಡು ಉದುರಿ, ಅಡಿಯಿಂದ ತಿಳಿಗೆಂಪು ಚರ್ಮ ಇಣುಕಿದ ದಿನ ಅವಳು ಒಬ್ಬಳೇ ನಕ್ಕಳು.

ಸ್ಟುಡಿಯೋದವನಿಗೆ ಹೇಳಿದ್ದು ಇಷ್ಟೇ: "ಸ್ವಲ್ಪ ಮನೆ ಕೆಲಸ, ಕೆಲವು ದಿನ ರಜೆ." ಮುಖ ತೋರಿಸುವ ತನಕ ಗುಟ್ಟು ಉಳಿಯಲಿ ಎಂದುಕೊಂಡಿದ್ದಳು. ಆದರೆ ರಜೆ ಕೇಳುವಾಗ ಅಣ್ಣ ಡ್ರೈವಿಂಗ್ ಶಾಲೆಯ ಮಾಲೀಕರಿಗೆ ಎಲ್ಲ ಹೇಳಿದ್ದ. ಅವರ ಬಾಯಲ್ಲಿ ಗುಟ್ಟು ನಿಲ್ಲುವುದುಂಟೇ? "ನಮ್ಮ ಬ್ರೇಕ್ ಮೇಡಂಗೆ ಗಂಡು ಗೊತ್ತಾಗಿದೆಯಪ್ಪ. ಅದಕ್ಕೇ ಮುಖಕ್ಕೆ ಲೇಸರ್ ಮಾಡಿಸ್ಕೊಂಡಿದ್ದಾರೆ" ಎಂದು ಅವರು ಸಂತೋಷದಿಂದಲೇ ಅವನಿಗೆ ಹೇಳಿದ್ದರು.

ಒಂದು ಬೆಳಗ್ಗೆ ಅವಳ ಫೋನಿಗೆ ಅವನ ಸಂದೇಶ ಬಂತು.

'ಮದುವೆ ವಿಷಯ ಮಾಲೀಕರು ಹೇಳಿದರು. ಒಳ್ಳೆಯದಾಗಲಿ. ನನಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ, ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಿದ್ದೇನೆ. ಕಲಿಸಿದ್ದಕ್ಕೆ ಥ್ಯಾಂಕ್ಸ್.'

ಅವಳು ಫೋನ್ ಮಾಡಿದಳು. ರಿಂಗಾಯಿತು, ನಿಂತಿತು. ಮತ್ತೆ ಮಾಡಿದಳು. ಅವನು ಫೋನನ್ನೇ ಆರಿಸಿದ್ದ.

---

ಅತ್ತಿಗೆ ತರಕಾರಿಗೆ ಹೋಗಿದ್ದಳು, ಸ್ಕೂಟರೂ ಅವಳ ಜೊತೆ ಹೋಗಿತ್ತು. ಅವಳು ತಲೆಗೂ ಮುಖಕ್ಕೂ ಬಟ್ಟೆ ಸುತ್ತಿಕೊಂಡು ಬಾಗಿಲು ತೆರೆದಳು.

ಬಿಸಿಲು ಕಾದ ತಟ್ಟೆಯ ಹಾಗೆ ಮುಖಕ್ಕೆ ಬಡಿಯಿತು. ಒಂದು ಕ್ಷಣ ಡಾಕ್ಟರಮ್ಮನ ಮಾತು ನೆನಪಾಯಿತು. ಮರುಕ್ಷಣ ಮರೆತುಹೋಯಿತು. ಅರ್ಧ ದಾರಿ ಓಡಿದಳು, ಅರ್ಧ ದಾರಿ ನಡೆದಳು. ಬೆವರು ಬಟ್ಟೆಯೊಳಗಿಂದ ಹಕ್ಕಳೆಗಳ ಮೇಲೆ ಇಳಿದು ಕೆನ್ನೆ ಧಗಧಗ ಉರಿಯಿತು. ಬಟ್ಟೆ ಉಜ್ಜಿ ಉಜ್ಜಿ ಎಲ್ಲೋ ಸುಲಿದದ್ದೂ ಗೊತ್ತಾಯಿತು.

ಬಸ್ ನಿಲ್ದಾಣದ ಬಯಲಲ್ಲಿ ಸಾಲಾಗಿ ಬಸ್ಸುಗಳು. ಒಂದೊಂದರ ಕಿಟಕಿಯನ್ನೂ ಹುಡುಕುತ್ತಾ ಹೋದಳು. ಹೊರಡಲು ಗುರುಗುಡುತ್ತಿದ್ದ ಬಸ್ಸೊಂದರ ಹಿಂದಿನ ಕಿಟಕಿಯಲ್ಲಿ ಅವನಿದ್ದ.

ಮುಖ ಮುಚ್ಚಿದ್ದರೆ ಗುರುತು ಹೇಗೆ ಸಿಗಬೇಕು? ಅವಳು ಬಟ್ಟೆ ಕಿತ್ತು ಹಾಕಿ, ಎರಡೂ ಕೈ ಎತ್ತಿ ಬೀಸಿದಳು.

ಅವನು ನೋಡಿದ. ಅವರ ಕಣ್ಣುಗಳು ಕೂಡಿದವು.

ಅವನು ಮುಖ ತಿರುಗಿಸಿಕೊಂಡ.

ಬಸ್ಸು ಹೊರಟುಹೋಯಿತು.

ಅವಳು ಅಲ್ಲೇ ಕಲ್ಲುಕಟ್ಟೆಯ ಮೇಲೆ ಕುಸಿದಳು. ಕೈಯಲ್ಲಿದ್ದ ಬಟ್ಟೆಯನ್ನು ಮತ್ತೆ ಸುತ್ತಿಕೊಳ್ಳಬೇಕು ಅನಿಸಲಿಲ್ಲ. ಯಾತಕ್ಕೆ? ಯಾರಿಗೆ? ನೋಡಬೇಕಾದವನು ನೋಡಿ ಆಗಿತ್ತು... ಹಕ್ಕಳೆ ಕಟ್ಟಿದ, ಊದಿಕೊಂಡ, ಬೆವೆತ ಈ ಮುಖ ನೋಡಿ ತಿರುಗಿಸಿಕೊಂಡೂ ಆಗಿತ್ತು. ಅತ್ತಿಗೆಯ ಫೋನು ಬಂದಾಗ ಎತ್ತಿದಳು. ಮಾತು ಹೊರಡಲಿಲ್ಲ. ಹಿಂದಿನಿಂದ ಕೇಳಿದ ಬಸ್ಸುಗಳ ಸದ್ದನ್ನೇ ಹಿಡಿದು ಅತ್ತಿಗೆ ಹುಡುಕಿ ಬಂದಳು. ಅಷ್ಟರಲ್ಲಿ ನೆರಳು ವಾಲಿತ್ತು. ಅವಳು ಮಾತ್ರ ಅಲುಗಾಡಿರಲಿಲ್ಲ.

---

ಊತ ಇಳಿಯಿತು. ಕಪ್ಪು ಇಳಿಯಲಿಲ್ಲ. ಮೊದಲು ಚಹಾದ ಬಣ್ಣದಲ್ಲಿದ್ದ ಕಲೆ ಈಗ ಮಸಿಯ ಹಾಗಾಯಿತು, ಅಂಚು ಇನ್ನೂ ಹರಡಿತು.

ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಚರ್ಮ ಹೆದರಿದೆ. ಹೆದರಿದಾಗ ಅದು ಕಪ್ಪಾಗುತ್ತೆ. ಕಾಪಾಡಿಕೊಳ್ಳೋಕೆ ಅದಕ್ಕೆ ಗೊತ್ತಿರೋದು ಅಷ್ಟೇ."

"ಹೋಗುತ್ತಾ ಡಾಕ್ಟ್ರೇ?"

"ಮಸುಕಾಗುತ್ತೆ. ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲಾರೆ. ತಿಂಗಳುಗಟ್ಟಲೆ ಬೇಕು."

"ಇನ್ನೊಂದು ಸಲ ಲೇಸರ್ ಮಾಡಿ. ಎಷ್ಟು ನೋವಾದ್ರೂ ಪರವಾಗಿಲ್ಲ."

"ಈಗ ಮುಟ್ಟೋ ಹಾಗೇ ಇಲ್ಲಮ್ಮ. ನೆರಳಲ್ಲಿರಿ, ಮುಲಾಮು ಹಚ್ಚಿ, ಹೊಟ್ಟೆ ತುಂಬ ತಿನ್ನಿ, ನಿದ್ದೆ ಮಾಡಿ. ಸದ್ಯಕ್ಕೆ ಇದೇ ಚಿಕಿತ್ಸೆ."

ತಿನ್ನುವುದು, ನಿದ್ದೆ ಮಾಡುವುದು... ಅವಳಿಂದ ಆಗದೆ ಹೋದದ್ದು ಅವೆರಡೇ. ಕಿತ್ತಳೆಯ ತೊಳೆಗಳು ತಟ್ಟೆಯಲ್ಲಿ ಒಣಗಿದವು. ಒಂದು ಮಧ್ಯಾಹ್ನ ಸ್ನಾನದ ಮನೆಯಿಂದ ನೀರಿನ ಸದ್ದು ನಿಲ್ಲಲೇ ಇಲ್ಲ. ಅತ್ತಿಗೆ ಬಾಗಿಲು ತಳ್ಳಿ ನೋಡಿದರೆ, ಅವಳು ಒರಟು ಟವೆಲಿನಿಂದ ಕೆನ್ನೆಯನ್ನು ತಿಕ್ಕುತ್ತಿದ್ದಳು. ಸುಟ್ಟ ಪಾತ್ರೆ ತಿಕ್ಕುವ ಹಾಗೆ. ಟವೆಲಿನಲ್ಲಿ ರಕ್ತದ ಕಲೆ.

"ಬಿಡೇ! ಏನ್ ಮಾಡ್ತಿದ್ದೀಯ?"

"ಹೋಗ್ತಿಲ್ಲ ಅತ್ತಿಗೆ. ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ."

ಟವೆಲು ಕಿತ್ತುಕೊಂಡ ಅತ್ತಿಗೆ ಒದ್ದೆ ನೆಲದ ಮೇಲೆ ಅವಳನ್ನು ಅಪ್ಪಿಕೊಂಡು ಕೂತುಬಿಟ್ಟಳು. "ನಾನೇ ಕಣೇ ಕರ್ಕೊಂಡು ಹೋಗಿದ್ದು. ಆ ಗಂಡಿನ ಮನೆಯವರಿಗೆ ತೋರಿಸೋಕೆ ಅಂತ ನಾನೇ..."

"ಅವರಿಗೋಸ್ಕರ ಅಲ್ಲ ಅತ್ತಿಗೆ."

"ಮತ್ತೆ?"

ಆಗ ಅವಳು ಹೇಳಿದಳು. ಸ್ಟುಡಿಯೋದ ಕೌಂಟರಿನಿಂದ ಹಿಡಿದು ಬಸ್ಸಿನ ಕಿಟಕಿಯವರೆಗೆ ಎಲ್ಲವನ್ನೂ ಹೇಳಿದಳು. "ನನ್ನ ಮುಖ ನೋಡಿ ತಿರುಗಿಸಿಕೊಂಡ ಅತ್ತಿಗೆ. ಒಂದು ಕ್ಷಣ ಕೂಡ ನೋಡೋಕಾಗಲಿಲ್ಲ ಅವನಿಗೆ."

ಅತ್ತಿಗೆ ಒದ್ದೆ ಸೀರೆಯಲ್ಲೇ ಎದ್ದು ಹೋಗಿ ಪಪ್ಪಾಯಿ ಹೆಚ್ಚಿ ತಂದಳು. ಒಂದು ಹೋಳನ್ನು ಅವಳ ತುಟಿಗೆ ಹಿಡಿದಳು.

"ಬೇಡ. ಇನ್ನು ಚರ್ಮ ಹೇಗಿದ್ರೇನು?"

"ಚರ್ಮದ ಮನೆ ಹಾಳಾಗಲಿ. ಇದು ನಿನಗೆ. ಬಾಯಿ ತೆಗಿ."

ಅವಳು ಬಾಯಿ ತೆರೆದಳು. ಅಳುತ್ತಲೇ ನುಂಗಿದಳು.

ಆ ಸಂಜೆ ಅಣ್ಣನ ಮುಂದೆ ನಿಂತು, "ಆ ಸಂಬಂಧ ಬೇಡ ಅಣ್ಣ" ಅಂದಳು.

"ಮುಖ ಸರಿಹೋಗೋವರೆಗೂ ಮುಂದಕ್ಕೆ ಹಾಕಿದ್ರಾಯ್ತಮ್ಮ. ಅವರಿಗೆ ನಾನು ಏನೋ ಒಂದು ಹೇಳ್ತೀನಿ."

"ಸರಿಹೋದ್ರೂ ಬೇಡ. ಅವರು ನೋಡಿದ್ದು ನನ್ನನ್ನಲ್ಲ."

ಅಣ್ಣ ಸಿಟ್ಟಾದ, ಎದ್ದ, ಕೂತ. ತಂಗಿಯ ಕೆನ್ನೆಯನ್ನು ನೋಡಲಾರದೆ ನೆಲ ನೋಡಿದ. ಕೊನೆಗೆ ಫೋನ್ ಎತ್ತಿಕೊಂಡು ಹೊರಗೆ ಹೋದ.

---

ಕಾಲ ನಿಲ್ಲುವುದಿಲ್ಲವಲ್ಲ. ಅಗಲ ಅಂಚಿನ ಟೋಪಿ, ಮುಖಕ್ಕೆ ಬಟ್ಟೆ, ಕಾರಿನ ಕಿಟಕಿಗೆ ಪರದೆ... ಹಾಗೆ ಅವಳು ಕೆಲಸಕ್ಕೆ ಮರಳಿದಳು. ಎರಡು ಪಾಠಗಳ ನಡುವೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳುತ್ತಿದ್ದಳು, ಡಬ್ಬಿಯಲ್ಲಿ ಅತ್ತಿಗೆ ಇಟ್ಟದ್ದನ್ನು ತಿನ್ನುತ್ತಿದ್ದಳು. ಮೊದಲಿನ ಹಾಗೆಯೇ "ಬ್ರೇಕ್" ಅನ್ನುತ್ತಿದ್ದಳು. ಬೆಳಗಿನ ಮೊದಲ ಪಾಠದ ಹೊತ್ತು ಮಾತ್ರ ಎಷ್ಟೋ ಸಲ ಆ ಖಾಲಿ ಸೀಟಿನ ಪಕ್ಕ ಸುಮ್ಮನೆ ಕೂತು, ಮುಂದಿನ ವಿದ್ಯಾರ್ಥಿ ಗಾಜು ತಟ್ಟಿದ ಮೇಲೆಯೇ ಎಚ್ಚರಗೊಳ್ಳುತ್ತಿದ್ದಳು.

ಒಂದು ದಿನ ಹೊಸ ವಿದ್ಯಾರ್ಥಿನಿಯೊಬ್ಬಳ ಫೋಟೋ ತರಲು ಸ್ಟುಡಿಯೋಗೆ ಹೋಗಲೇಬೇಕಾಯಿತು. ಕೌಂಟರಿನಲ್ಲಿ ಅವನ ಮಾವ ಕೂತಿದ್ದರು. ಕನ್ನಡಕವನ್ನು ಹಣೆಗೇರಿಸಿ, ಮೌಸನ್ನು ಹಿಡಿದು ಒದ್ದಾಡುತ್ತಿದ್ದರು.

"ಕೂತ್ಕೊಳ್ಳಿ ಅಮ್ಮ, ತಡ ಆಗುತ್ತೆ. ಈ ಒರೆಸೋ ಕೆಲಸ ನನಗೆ ಬರಲ್ಲ. ಅದು ಗೊತ್ತಿದ್ದ ನನ್ನ ಸೋದರಳಿಯ ಕೈಕೊಟ್ಟು ಹೋದ."

ಅವಳು ಮೂಲೆಯ ಕುರ್ಚಿಯಲ್ಲಿ ಕೂತಳು.

"ಹೋಗೋಕೆ ಮುಂಚೆನೂ ಅವನೇನು ಒರೆಸ್ತಿರಲಿಲ್ಲ ಬಿಡಿ. ಅದೇನು ಹುಚ್ಚು ಹಿಡೀತೋ, ಇದ್ದ ಮುಖನ ಇದ್ದ ಹಾಗೇ ಕೊಡೋನು. ಗಿರಾಕಿಗಳು ಬಂದು ಜಗಳ ಆಡೋರು. 'ಯಾಕೋ ಹೀಗೆ?' ಅಂದ್ರೆ 'ಕೈ ಬರ್ತಿಲ್ಲ ಮಾವ' ಅಂತಿದ್ದ. ಈಗ ಅಲ್ಲೆಲ್ಲೋ ಫರ್ನಿಚರ್ ಅಂಗಡಿಯಲ್ಲಿ ಕುರ್ಚಿ ಮೇಜಿನ ಫೋಟೋ ತೆಗೀತಿದ್ದಾನೆ. ಮನುಷ್ಯರ ಸಹವಾಸನೇ ಬೇಡ್ವಂತೆ."

ಅವಳು ಕುರ್ಚಿಯ ಅಂಚಿಗೆ ಸರಿದಳು. "ಯಾವಾಗಿಂದ ಹಾಗಾಗಿದ್ದು?"

"ಯಾವಾಗ ಅಂದ್ರೆ..." ಮಾವ ಯೋಚಿಸಿದರು. "ನಿಮ್ಮ ಹತ್ರ ಕಾರು ಕಲಿಯೋಕೆ ಶುರು ಮಾಡಿದ ಮೇಲೆ."

ಮಾವನ ಕೈಯಲ್ಲಿದ್ದ ಮೌಸ್ ನಿಂತಿತು. ಅವರು ಹಣೆಯ ಕನ್ನಡಕವನ್ನು ಮೂಗಿಗಿಳಿಸಿ ಅವಳನ್ನು ಸರಿಯಾಗಿ ನೋಡಿದರು. ಟೋಪಿಯಡಿಯ ಕಣ್ಣು ತುಂಬಿದ್ದನ್ನು ಕಂಡರು. ಏನೂ ಕೇಳದೆ ಅಂಗಡಿಯ ವಿಳಾಸ ಹೇಳಿದರು.

---

ಮರುದಿನ ಬೆಳಗ್ಗೆ ಮಾಲೀಕರ ಕಾರು ಕೇಳಿ ತೆಗೆದುಕೊಂಡಳು. ಅತ್ತಿಗೆ ಪಕ್ಕದ ಸೀಟಿನ ಮೇಲೆ ಡಬ್ಬಿ ಇಟ್ಟು, "ಅವನು ಏನೇ ಅನ್ನಲಿ, ಇದನ್ನ ತಿಂದೇ ವಾಪಸ್ ಬಾ" ಅಂದಳು.

ದಾರಿಯುದ್ದಕ್ಕೂ ಧೈರ್ಯ ಬಂತು, ಹೋಯಿತು. ಮಾವನಿಗೆ ಏನು ಗೊತ್ತು? ಬಸ್ಸಿನ ಕಿಟಕಿಯಲ್ಲಿ ತಿರುಗಿದ ಆ ಮುಖವನ್ನು ಅವರು ನೋಡಿದ್ದಾರಾ? ಎರಡು ಸಲ ಕಾರು ನಿಲ್ಲಿಸಿ, ವಾಪಸ್ ತಿರುಗಿಸಿಬಿಡಲೇ ಎಂದುಕೊಂಡಳು. ಎರಡು ಸಲವೂ ಮುಂದಕ್ಕೇ ಹೋದಳು.

ಫರ್ನಿಚರ್ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಬಿಳಿ ಪರದೆ ಇಳಿಬಿಟ್ಟು, ದೊಡ್ಡ ದೀಪಗಳ ನಡುವೆ ಒಂದು ಕುರ್ಚಿಯನ್ನು ನಿಲ್ಲಿಸಿದ್ದರು. ಅವನು ಮಂಡಿಯೂರಿ ಕ್ಯಾಮೆರಾ ಹಿಡಿದಿದ್ದ. ಸೊರಗಿಹೋಗಿದ್ದ. ಹೆಜ್ಜೆಯ ಸದ್ದಿಗೆ ತಿರುಗಿದವನು ಹಾಗೇ ಎದ್ದು ನಿಂತ.

"ಮೇಡಂ... ನೀವು..."

"ಆ ದೀಪ ಆರಿಸ್ತೀರಾ? ಝಳ ತಾಗಬಾರದು ಅಂದಿದ್ದಾರೆ."

ಅವನು ಓಡಿ ಹೋಗಿ ದೀಪಗಳನ್ನೆಲ್ಲ ಆರಿಸಿದ. ಮೇಲಿನ ಕಿಟಕಿಯಿಂದ ಬರುವ ಸಣ್ಣ ಬೆಳಕು ಮಾತ್ರ ಉಳಿಯಿತು. ಅವಳು ಟೋಪಿ ತೆಗೆದಳು. ಮುಖದ ಬಟ್ಟೆ ಬಿಚ್ಚಿದಳು.

"ನೋಡಿ. ಅವತ್ತು ಬಸ್ಸಲ್ಲಿ ಪೂರ್ತಿ ನೋಡಲಿಲ್ಲ ನೀವು. ಈಗ ನೋಡಿ. ನೋಡಿದ ಮೇಲೆ ಮುಖ ತಿರುಗಿಸ್ಕೊಂಡ್ರೆ ನಾನು ಹೋಗ್ತೀನಿ, ಇನ್ನು ಬರಲ್ಲ."

ಅವನು ನೋಡಿದ. ಒಂದು ಹೆಜ್ಜೆ ಹತ್ತಿರ ಬಂದ.

"ಏನಾಯ್ತು ಇದು? ಎಷ್ಟು ಉರಿದಿರಬೇಕು... ಯಾರು ಹೀಗೆ ಮಾಡಿದ್ದು?"

"ಬಿಸಿಲು. ನಿಮ್ಮ ಬಸ್ಸು ಹುಡುಕ್ಕೊಂಡು ಬಂದ ದಿನ."

"ನನ್ನ ಬಸ್ಸಾ?" ಅವನು ಕುರ್ಚಿಯ ಬೆನ್ನನ್ನು ಹಿಡಿದುಕೊಂಡ. "ನೀವು ಕೈ ಬೀಸಿದ್ದು ಬೀಳ್ಕೊಡೋಕೆ ಅಂದ್ಕೊಂಡೆ. ಮದುವೆ ಗೊತ್ತಾಗಿರೋರು, ಒಳ್ಳೆಯ ಮನಸ್ಸಿಂದ ಬಂದಿದ್ದಾರೆ ಅಂತ... ಇನ್ನೊಂದು ಕ್ಷಣ ನೋಡಿದ್ರೆ ಇಳಿದುಬಿಡ್ತಿದ್ದೆ ಮೇಡಂ. ಇಳಿಯೋಕೆ ನನಗೆ ಹಕ್ಕಿಲ್ಲ ಅಂದ್ಕೊಂಡು ತಿರುಗಿಸ್ಕೊಂಡೆ. ನಿಮ್ಮ ಮುಖ ಹೇಗಿತ್ತು ಅಂತ ಕಣ್ಣಿಗೆ ಕಂಡೇ ಇಲ್ಲ. ನೀವು ಬಂದಿದ್ದು ಮಾತ್ರ ಕಂಡಿತು."

ಅವಳು ಮಾತಾಡಲು ಹೋಗಿ ಬಿಕ್ಕಿದಳು. ಇಷ್ಟು ದಿನ ಹೊತ್ತು ತಿರುಗಿದ ಕಲ್ಲು ಎದೆಯಿಂದ ಒಮ್ಮೆಲೇ ಜಾರಿದಂತಾಯಿತು. ಭಾರ ಇಳಿದ ಜಾಗವೂ ನೋಯುತ್ತಿತ್ತು.

"ಮದುವೆ ಇಲ್ಲ. ಬೇಡ ಅಂದುಬಿಟ್ಟೆ. ಲೇಸರ್ ಮಾಡಿಸ್ಕೊಂಡಿದ್ದು ಅವರಿಗೋಸ್ಕರ ಅಲ್ಲ."

"ಮತ್ತೆ ಯಾರಿಗೋಸ್ಕರ?"

"ಮೊದಲ ಸಲ ನನ್ನ ಮುಖ ನೋಡಿ ಒರೆಸಿ ಕೊಟ್ಟೋರಿಗೋಸ್ಕರ."

ಅವನು ಹೊಡೆತ ತಿಂದವನ ಹಾಗೆ ನಿಂತ.

"ಆ ದಿನ ನೀವು ಯಾರು ಅಂತ ನನಗೆ ಗೊತ್ತಿರಲಿಲ್ಲ" ಎಂದ. "ಗೊತ್ತಾದ ಮೇಲೆ ಬೇರೆಯವರ ಮುಖ ಒರೆಸೋಕೂ ಕೈ ಬರಲಿಲ್ಲ. ಯಾರ ಫೋಟೋ ತೆಗೆದ್ರೂ, ಇವರನ್ನ ಹೀಗೇ ಇಷ್ಟಪಡೋರು ಎಲ್ಲೋ ಒಬ್ಬರಿರ್ತಾರೆ, ನಾನ್ಯಾರು ಅಳಿಸೋಕೆ ಅನಿಸ್ತಿತ್ತು. ಇದನ್ನ ನಿಮಗೆ ಅವತ್ತೇ ಹೇಳಬೇಕಿತ್ತು. ಹೇಳಿದ್ರೆ ಕಲೆ ಬಗ್ಗೆ ಮಾತಾಡಿ ನೋಯಿಸಿದ ಹಾಗಾಗುತ್ತೇನೋ ಅಂತ ಸುಮ್ಮನಿದ್ದೆ."

"ಆ ಸುಮ್ಮನಿದ್ದಿದ್ದೇ ನನ್ನನ್ನ ಕೊಂದಿದ್ದು."

"ಇನ್ನು ಸುಮ್ಮನಿರಲ್ಲ."

ಅವಳು ಕಣ್ಣೊರೆಸಿಕೊಳ್ಳಲು ಕೈ ಎತ್ತಿದಳು. ಅವನು ತಟ್ಟನೆ ಆ ಕೈ ಹಿಡಿದ.

"ಉಜ್ಜಬೇಡಿ. ಒತ್ತಿ ಒರೆಸಬೇಕಲ್ವಾ?"

"ನಿಮಗೆ ಹೇಗೆ ಗೊತ್ತು?"

"ಲೇಸರ್ ಅಂತ ಮಾಲೀಕರು ಹೇಳಿದ್ರಲ್ಲ, ಅವತ್ತೇ ಅದರ ಬಗ್ಗೆ ಎಲ್ಲ ಓದಿದ್ದೆ. ನಿಮಗೆ ಯಾರಾದ್ರೂ ಸರಿಯಾಗಿ ಹೇಳಿರ್ತಾರೋ ಇಲ್ವೋ ಅಂತ."

ಬೇರೆಯವನ ಹೆಂಡತಿಯಾಗುತ್ತಾಳೆ ಎಂದುಕೊಂಡ ಹೆಣ್ಣಿಗಾಗಿ ಅದನ್ನೆಲ್ಲ ಓದಿದವನು... ಅವಳು ಅವನ ಎದೆಗೆ ಹಣೆ ಒತ್ತಿದಳು. ಅವನು ತನ್ನ ಕರವಸ್ತ್ರದಿಂದ ಅವಳ ಕಣ್ಣಿನ ಕೆಳಗೆ, ಹಸಿ ಗಾಯ ಮುಟ್ಟುವ ಹಾಗೆ ಒತ್ತಿದ.

"ಕಲೆ ಪೂರ್ತಿ ಹೋಗದೇ ಇರಬಹುದು" ಅಂದಳು ಹಾಗೇ. "ಡಾಕ್ಟರಮ್ಮ ಮಾತು ಕೊಟ್ಟಿಲ್ಲ."

"ನಾನು ಅವರ ಹತ್ರ ಮಾತು ಕೇಳೋಕೆ ಹೋಗ್ತಿಲ್ಲ."

ಹೊರಗೆ ಬಿಸಿಲು ಏರಿತ್ತು. ಕಾರು ಅಂಗಳದ ಆ ತುದಿಯಲ್ಲಿತ್ತು. ಅವನು ಗೋದಾಮಿನಲ್ಲೆಲ್ಲ ಹುಡುಕಿ, ಕುರ್ಚಿ ತುಂಬಿ ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ, ಅವಳ ತಲೆಯ ಮೇಲೆ ಎತ್ತಿ ಹಿಡಿದ. ಇಬ್ಬರೂ ನಿಧಾನವಾಗಿ ಅಂಗಳ ದಾಟತೊಡಗಿದರು.

"ಕೈ ನೋಯುತ್ತೆ, ಇಳಿಸಿ. ಟೋಪಿ ಇದೆಯಲ್ಲ."

"ಇರಲಿ. ಇನ್ನೂ ಎಷ್ಟು ದಿನ ಬಿಸಿಲು ತಾಗಬಾರದು ಅಂದಿದ್ದಾರೆ?"

"ದಿನದ ಲೆಕ್ಕ ಅಲ್ಲವಂತೆ. ಇಂಥ ಚರ್ಮನ ಜೀವನಪೂರ್ತಿ ಜೋಪಾನ ಮಾಡಬೇಕಂತೆ."

ಅವನು ರಟ್ಟನ್ನು ಅವಳ ಕಡೆಗೆ ಇನ್ನಷ್ಟು ವಾಲಿಸಿದ. ಅವನ ಅರ್ಧ ಮೈ ಬಿಸಿಲಿಗೆ ಬಂತು.

"ಜೀವನಪೂರ್ತಿ ಅಂದ್ರೆ ನನಗೆ ಬಿಡುವಿದೆ" ಎಂದ.